ಅಪ್ಪ-ಅವ್ವನ ಗುಳಿಗೆ ಚೀಲ: ನಮ್ಮ ಔಷಧ ಅಂಗಡಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಔಷಧ ಅಂಗಡಿ. ಶುರುವಾಗಿ ಇಪ್ಪತ್ತು ವರ್ಷದ ಮೇಲಾಯಿತು. ನಾನು ಡಾಕ್ಟರ್ ಅಲ್ಲ, ಫಾರ್ಮಸಿಸ್ಟ್. ಗುಳಿಗೆ ಬದಲಿಸುವುದು, ನಿಲ್ಲಿಸುವುದು ನಿಮ್ಮ ಡಾಕ್ಟರ ಕೆಲಸ. ಆದರೆ ಚೀಟಿ ಹಿಡಿದು ಬರುವ ಹಿರಿಯರು ಕೇಳುವ ಮಾತು, ಬೆಂಗಳೂರು-ಪುಣೆಯಿಂದ ಫೋನ್ ಹಚ್ಚುವ ಅವರ ಮಕ್ಕಳು ಕೇಳುವ ಮಾತು ವರ್ಷಗಟ್ಟಲೆ ಅದೇ ಅದೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ನಾನು ಬೆಂಗಳೂರಿನಲ್ಲಿ, ಅಪ್ಪ-ಅವ್ವ ಊರಲ್ಲಿ. ಎಲ್ಲಿಂದ ಶುರು ಮಾಡಲಿ?

ಗುಳಿಗೆ ಚೀಲದಿಂದ. ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಸೀರೆ ಅಂಗಡಿಯವರು ಕೊಟ್ಟ ಹಳೇ ಕೈಚೀಲ, ಇಲ್ಲವೇ ಮುಚ್ಚಳ ಸಡಿಲಾದ ಬಿಸ್ಕಿಟ್ ಡಬ್ಬಿ. ಈ ಸಲ ಊರಿಗೆ ಹೋದಾಗ ಅದನ್ನು ಚಾಪೆಯ ಮೇಲೆ ಸುರಿದು ಒಂದೊಂದೇ ಸ್ಟ್ರಿಪ್ ಎತ್ತಿ ನೋಡಿ.

ಒಮ್ಮೆ ಬೀಳಗಿ ಕಡೆಯ ಒಬ್ಬರು ಹೀಗೇ ಅವ್ವನ ಚೀಲ ತಂದು ನನ್ನ ಕೌಂಟರ್ ಮೇಲೆ ಸುರಿದರು. ಅವ್ವನ ಕಾಲು ಬಾತಿದೆ, ಎದ್ದು ನಿಂತರೆ ಚಕ್ಕರ್ ಬರುತ್ತದೆ, ಇನ್ನೇನಾದರೂ ಒಳ್ಳೆ ಗುಳಿಗೆ ಇದ್ದರೆ ಕೊಡಿ ಅಂದರು. ಸ್ಟ್ರಿಪ್ ಜೋಡಿಸುತ್ತ ಹೋದೆ. ಒಂದು ಊರಿನ ಡಾಕ್ಟರು ಬರೆದದ್ದು, ಇನ್ನೊಂದು ಪೇಟೆಯ ಡಾಕ್ಟರದ್ದು. ದಪ್ಪ ಅಕ್ಷರದ ಹೆಸರು ಬೇರೆ ಬೇರೆ. ಕೆಳಗಿನ ಸಣ್ಣ ಅಕ್ಷರದಲ್ಲಿ ಮಾತ್ರ ಎರಡರಲ್ಲೂ ಅಮ್ಲೋಡಿಪಿನ್. ಒಂದೇ ಬಿಪಿ ಗುಳಿಗೆಯನ್ನು ಅಜ್ಜಿ ದಿನಾ ಎರಡು ಪಟ್ಟು ನುಂಗುತ್ತಿದ್ದರು. ಅಮ್ಲೋಡಿಪಿನ್ ಡೋಸ್ ಏರಿದಷ್ಟೂ ಕಾಲು ಬಾಯುವುದು ಹೆಚ್ಚು. ಬಾವು ನೋಡಿದ ಮೂರನೆಯವರು ಮೂತ್ರ ಹೋಗಲು ಗುಳಿಗೆ ಬರೆದಿದ್ದರು. ಅದು ಮೈಯ ನೀರು, ಉಪ್ಪು ಇಳಿಸಿ ಚಕ್ಕರ್ ತಂದಿತ್ತು. ಚಕ್ಕರಿಗೆ ನಾಲ್ಕನೇ ಗುಳಿಗೆ. ಚೀಲವನ್ನು ಹಾಗೇ ಅವರ ಡಾಕ್ಟರ ಹತ್ತಿರ ಒಯ್ಯಿರಿ ಎಂದು ಕಳಿಸಿದೆ. ನಾಲ್ಕರಲ್ಲಿ ಮೂರು ಸ್ಟ್ರಿಪ್ ತೆಗೆದರಂತೆ. ಎರಡು ವಾರದ ಮೇಲೆ ಅಜ್ಜಿಯೇ ಬಂದು ಚಪ್ಪಲಿ ತೋರಿಸಿದರು: "ಈಗ ಕಾಲಾಗ ಹೊಂದತೈತ್ರೀ."

ಆದ್ದರಿಂದ ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ಗುಳಿಗೆಯ ಸಣ್ಣ ಅಕ್ಷರದ ಹೆಸರು, ಯಾತಕ್ಕೆ, ಯಾವ ಹೊತ್ತಿಗೆ, ಯಾರು ಬರೆದದ್ದು, ಇಷ್ಟನ್ನು ಬರೆಯಿರಿ. ಅದರ ಫೋಟೋ ನಿಮ್ಮ ಫೋನಿನಲ್ಲಿರಲಿ. ಯಾವ ದವಾಖಾನೆಗೆ ಹೋದರೂ ಆ ಪುಸ್ತಕ ಮುಂದೆ, ಮಾತು ಹಿಂದೆ. ಎಲ್ಲಾ ಗುಳಿಗೆಗಳನ್ನೂ ಒಟ್ಟಿಗೆ ನೋಡುವ ಡಾಕ್ಟರು ಒಬ್ಬರಾದರೂ ಇರಬೇಕು. ಅವರು ದೊಡ್ಡ ಆಸ್ಪತ್ರೆಯವರೇ ಆಗಬೇಕೆಂದಿಲ್ಲ.

ಬಿಪಿ ನಾರ್ಮಲ್ ಬಂದಿದೆ. ಗುಳಿಗೆ ಬಿಡಬಹುದಾ?

ನಾರ್ಮಲ್ ಬಂದದ್ದೇ ಗುಳಿಗೆಯಿಂದ. ಕೊಡೆ ಹಿಡಿದಿದ್ದಕ್ಕೆ ತೋಯ್ದಿಲ್ಲ ಎಂದು ಮಳೆಯಲ್ಲಿ ಕೊಡೆ ಮಡಚುತ್ತೀರಾ? ಬಿಪಿ ತೀರಾ ಇಳಿಯುತ್ತಿದ್ದರೆ ಡಾಕ್ಟರು ಡೋಸ್ ಕಡಿಮೆ ಮಾಡುತ್ತಾರೆ. ತಾವಾಗಿಯೇ ಬಿಡುವುದು ಬೇಡ.

ಮನೆಯಲ್ಲಿ ಮಷೀನ್ ಇದೆ. ಒಮ್ಮೆ 160 ತೋರಿಸುತ್ತದೆ, ಒಮ್ಮೆ 130. ಯಾವುದು ಖರೆ?

ಬಹಳ ಸಲ ತಪ್ಪು ಮಷೀನಿನದಲ್ಲ, ನೋಡುವ ರೀತಿಯದು. ಹೊಲದಿಂದ ಬಂದ ತಕ್ಷಣ, ಚಹಾ ಕುಡಿಯುತ್ತ, ಅಂಗಿ ತೋಳಿನ ಮೇಲೆಯೇ ಪಟ್ಟಿ ಸುತ್ತಿ, ಮಾತಾಡುತ್ತ ನೋಡಿದರೆ ಏರಿಯೇ ತೋರಿಸುತ್ತದೆ. ಚಹಾ, ಬೀಡಿ ಆಗಿ ಅರ್ಧ ತಾಸು ಕಳೆದಿರಬೇಕು. ಬೆನ್ನಿಗೆ ಆಧಾರ ಕೊಟ್ಟು ಐದು ನಿಮಿಷ ಸುಮ್ಮನೆ ಕೂರಿಸಿ. ಪಟ್ಟಿ ಬರಿಯ ತೋಳಿಗೆ ಇರಲಿ, ತೋಳು ಎದೆಯ ಮಟ್ಟಕ್ಕಿರಲಿ. ಒಂದು ನಿಮಿಷ ಬಿಟ್ಟು ಎರಡನೇ ಸಲ ನೋಡಿ, ಎರಡನ್ನೂ ಬರೆದಿಡಿ. ಮನೆಯಲ್ಲಿ ಹೀಗೆ ನೋಡಿದಾಗ ಸರಾಸರಿ 135/85ರ ಮೇಲೆಯೇ ಉಳಿದರೆ ಡಾಕ್ಟರಿಗೆ ತೋರಿಸಿ. ಅಪ್ಪ ಏಳುವಾಗ ತೂಗಾಡುತ್ತಾರೆ ಅನ್ನಿಸಿದರೆ ನಿಲ್ಲಿಸಿಯೂ ಒಮ್ಮೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ಅದನ್ನೂ ಪುಸ್ತಕದಲ್ಲಿ ಬರೆಯಿರಿ. ಡಾಕ್ಟರಿಗೆ ಬಹಳ ಉಪಯೋಗದ ಮಾಹಿತಿ ಅದು.

ಉಪ್ಪಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಪಲ್ಲೆಗೆ ಉಪ್ಪು ಕಡಿಮೆ ಮಾಡಿ, ತಾಟಿನ ಬದಿಗೆ ಶೇಂಗಾ ಹಿಂಡಿ, ರಂಜಕ, ಉಪ್ಪಿನಕಾಯಿ, ಸಂಡಿಗೆ ಎಲ್ಲಾ ಬಡಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಹೆಚ್ಚೆಂದರೆ ಒಂದು ಸಣ್ಣ ಚಮಚ. ಉಪ್ಪಿನಕಾಯಿಯೇ ಅದರಲ್ಲಿ ಒಂದು ಪಾಲು ನುಂಗುತ್ತದೆ.

ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದಿಲ್ಲ ಅನ್ನುತ್ತಾರಲ್ಲ?

ಏರುತ್ತದೆ. ಬಿಳೀ ಅನ್ನದಷ್ಟು ಜಲ್ದಿ ಏರುವುದಿಲ್ಲ, ಅಷ್ಟೇ. ಜೋಳದ ಹಿಟ್ಟಿನಲ್ಲೂ ನೂರಕ್ಕೆ ಸುಮಾರು 70 ಭಾಗ ಪಿಷ್ಟವೇ. "ನಾ ಅನ್ನಾನ ಮುಟ್ಟಂಗಿಲ್ರೀ" ಎನ್ನುವ ಕಾಕಾ ಒಂದೊಂದು ಹೊತ್ತಿಗೆ ನಾಲ್ಕು ರೊಟ್ಟಿ ಹೊಡೆದು ಶುಗರ್ ಯಾಕೆ ಇಳಿಯಲಿಲ್ಲ ಎಂದು ಕೇಳುತ್ತಾರೆ. ಹೊಲದಲ್ಲಿ ದುಡಿಯುವಾಗ ನಾಲ್ಕು ಸಲ್ಲುತ್ತಿದ್ದವು. ಈಗ ಕಟ್ಟೆಯ ಮೇಲೆ ಕೂತು ನಾಲ್ಕು ಸಲ್ಲುವುದಿಲ್ಲ. ರೊಟ್ಟಿ ಎರಡಕ್ಕೆ ಇಳಿಸಿ, ತಾಟಿನ ಉಳಿದ ಜಾಗವನ್ನು ಮೆಂತ್ಯೆ ಪಲ್ಲೆ, ಮೊಳಕೆ ಬಂದ ಮಡಕಿ ಕಾಳು, ಸೌತೆಕಾಯಿ, ಹಕ್ಕರಿಕಿಯಿಂದ ತುಂಬಿಸಿ. ಹೊಟ್ಟೆಯೂ ತುಂಬುತ್ತದೆ, ನಾಲಿಗೆಯೂ ಮುನಿಯುವುದಿಲ್ಲ.

ಯಾರೂ ಲೆಕ್ಕ ಇಡದ್ದು ಚಹಾ. ದಿನಕ್ಕೆ ಆರು ಕಪ್, ಕಪ್ಪಿಗೆ ಎರಡು ಚಮಚ ಎಂದರೆ ಐವತ್ತು-ಅರವತ್ತು ಗ್ರಾಂ ಸಕ್ಕರೆ ಹೊಟ್ಟೆಗೆ ಹೋಯಿತು. ಮಹಾಲಿಂಗಪುರದ ಜವಾರಿ ಬೆಲ್ಲವಾದರೆ ನಡೆಯುತ್ತದೆ ಎನ್ನುವವರಿಗೆ ಹೇಳುವುದಿಷ್ಟೇ: ರುಚಿ ದೊಡ್ಡದು, ಹೌದು. ಶುಗರಿಗೆ ಮಾತ್ರ ಬೆಲ್ಲವೂ ಸಕ್ಕರೆಯೂ ಅಣ್ಣ-ತಮ್ಮ.

ಅವ್ವ ಸೋಮವಾರ, ಏಕಾದಶಿ ಒಪ್ಪತ್ತು ಮಾಡುತ್ತಾರೆ. ಶುಗರ್ ಗುಳಿಗೆ ಕೊಡಬೇಕೋ ಬೇಡವೋ?

ಇದನ್ನು ಶ್ರಾವಣ ಬರುವ ಮೊದಲೇ ಡಾಕ್ಟರಿಗೆ ಕೇಳಿ, ಒಪ್ಪತ್ತಿನ ದಿನಕ್ಕೆ ಬೇರೆ ಲೆಕ್ಕ ಬರೆಸಿಕೊಳ್ಳಿ. ಕೆಲವು ಗುಳಿಗೆ ಹೊಟ್ಟೆ ಖಾಲಿ ಇದ್ದರೂ ಶುಗರ್ ಎಳೆಯುತ್ತಲೇ ಇರುತ್ತವೆ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಆ ಜಾತಿಯವು. ಇನ್ಸುಲಿನ್ ಸಹ. ಇವನ್ನು ತಗೊಂಡು ಊಟ ಬಿಟ್ಟರೆ ಬೆವರು, ನಡುಕ, ಕಣ್ಣಿಗೆ ಕತ್ತಲೆ, ತೊದಲು ಮಾತು. ವಯಸ್ಸಾದವರಲ್ಲಿ ಬೆವರು ನಡುಕ ಇಲ್ಲದೆ ಬರೀ ಮಂಕು ಕವಿಯುವುದೂ ಉಂಟು, ಮನೆಯವರು ನಿದ್ದೆ ಎಂದುಕೊಳ್ಳುತ್ತಾರೆ.

ಶುಗರ್ 70ಕ್ಕಿಂತ ಕೆಳಗಿದ್ದರೆ ಅಥವಾ ಶುಗರ್ ನೋಡುವ ಮಷೀನ್ ಕೈಗೆ ಸಿಗದಿದ್ದರೆ, ಎಚ್ಚರ ಇರುವವರಿಗೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷಕ್ಕೆ ಮತ್ತೆ ನೋಡಿ. ಆಮೇಲೆ ಊಟ ಮಾಡಿಸಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಹಚ್ಚಿ. ವಯಸ್ಸಾದವರಲ್ಲಿ ಶುಗರ್ ಸ್ವಲ್ಪ ಏರಿದ್ದಕ್ಕಿಂತ ಇಳಿದದ್ದೇ ಹೆಚ್ಚು ಅಪಾಯ. "ಶುಗರಿನ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 7.5 ಬಂದಿದೆ, ಡಾಕ್ಟರು ಸುಮ್ಮನಿದ್ದಾರೆ" ಎಂದು ಮಗ ಸಿಟ್ಟಾಗುತ್ತಾನೆ. ಎಂಬತ್ತರ ಅಜ್ಜನಿಗೆ ಬೇಕೆಂದೇ ಅಷ್ಟಕ್ಕೆ ಬಿಟ್ಟಿರುತ್ತಾರೆ.

ಇನ್ಸುಲಿನ್ ಇಡಲು ಊರಲ್ಲಿ ಫ್ರಿಜ್ ಇಲ್ಲ. ನಡೆಯುತ್ತದಾ?

ನಮ್ಮ ಕಡೆ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮನೆಯ ಮಾಡಿನಲ್ಲಿ ಇಟ್ಟ ಇನ್ಸುಲಿನ್ ಕೆಲಸಕ್ಕೆ ಬಾರದು. ದೊಡ್ಡ ಗಡಿಗೆಯಲ್ಲಿ ಹಸಿ ಮರಳು ಹಾಕಿ, ಅದರೊಳಗೆ ಸಣ್ಣ ಗಡಿಗೆ ಹೂತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಬಾಟಲಿಯನ್ನು ಅದರಲ್ಲಿಟ್ಟು ಮುಚ್ಚಿ. ಮರಳು ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ಹೊಸ ದಾಸ್ತಾನನ್ನು ಮಾತ್ರ ಫ್ರಿಜ್ ಇರುವ ನೆರೆಮನೆಯಲ್ಲಿಡಿ, ಬಾಗಿಲ ಕಡೆಯ ಗೂಡಿನಲ್ಲಿ. ಮೇಲಿನ ಬರ್ಫದ ಖಾನೆಯಲ್ಲಿಟ್ಟು ಗಟ್ಟಿಯಾಗಿದ್ದರೆ ಕರಗಿಸಿ ಬಳಸಬೇಡಿ, ಎಸೆಯಿರಿ. ತೆರೆದ ಬಾಟಲಿಗೆ ಸಾಮಾನ್ಯವಾಗಿ ನಾಲ್ಕು ವಾರ ಆಯುಷ್ಯ. ತೆರೆದ ತಾರೀಖನ್ನು ಪೆನ್ನಿನಲ್ಲಿ ಬಾಟಲಿಯ ಮೇಲೆಯೇ ಬರೆಯಿರಿ.

ಶುಗರ್ ಇದೆ, ಆದರೂ ಅಪ್ಪ ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗ್ತೀನಿ ಅಂತಾರೆ.

ಮಲ್ಲಯ್ಯನ ಪಾದಯಾತ್ರೆ ಬೇಡ ಎಂದರೆ ಕೇಳುವ ಅಪ್ಪ ನಮ್ಮ ಕಡೆ ನನಗಂತೂ ಸಿಕ್ಕಿಲ್ಲ. ಹಾಗಾಗಿ ಬೇಡ ಎನ್ನುವ ಬದಲು ಒಂದು ತಿಂಗಳು ಮೊದಲೇ ದವಾಖಾನೆಗೆ ಕರೆದೊಯ್ದು ಪಾದ ತೋರಿಸಿ. ಬಹಳ ವರ್ಷದ ಶುಗರ್ ಇದ್ದವರಿಗೆ ಪಾದದ ಸ್ಪರ್ಶ ಸತ್ತಿರುತ್ತದೆ. ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದು ಬೊಬ್ಬೆ ಎದ್ದರೂ ಅವರಿಗೆ ತಿಳಿಯುವುದೇ ಇಲ್ಲ. ಯಾತ್ರೆ ಮುಗಿಸಿ ಬಂದು ಬೆರಳು ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಸ್ಪರ್ಶ ಇಲ್ಲ, ಗಾಯ ಇದೆ ಎಂದರೆ ಬಸ್ಸಿನಲ್ಲಿ ಹೋಗಲಿ, ಕೊನೆಯ ಒಂದು ಹರದಾರಿ ನಡೆಯಲಿ. ನಡೆದೇ ತೀರುವವರಾದರೆ ಹೊಸ ಬೂಟು ಬೇಡ, ಕಾಲಿಗೆ ಹೊಂದಿದ ಹಳೆಯ ಮೆತ್ತನೆ ಬೂಟು, ಹತ್ತಿಯ ಕಾಲುಚೀಲ ಇರಲಿ. ದಿನಾ ರಾತ್ರಿ ಜೊತೆಯ ಹುಡುಗನೊಬ್ಬ ಬ್ಯಾಟರಿ ಹಾಕಿ ಅಂಗಾಲು, ಬೆರಳ ಸಂದು ನೋಡಬೇಕು. ಬೊಬ್ಬೆಗೆ ಸೂಜಿ ಚುಚ್ಚುವುದು, ಅರಿಶಿಣ ತುಂಬುವುದು ಬೇಡ. ಜೇಬಿನಲ್ಲಿ ಸಕ್ಕರೆ ಪೊಟ್ಟಣ, ಗುಳಿಗೆ ಪುಸ್ತಕದ ಝೆರಾಕ್ಸ್ ಇದ್ದೇ ಇರಲಿ.

ಮೊಣಕಾಲು ನೋವಿಗೆ ಒಂದು ಸ್ಟ್ರಿಪ್ ಗುಳಿಗೆ ಕೊಡಿ, ಮೊನ್ನಿನ ಕೆಂಪನೆಯದೇ.

ದಿನಕ್ಕೆ ಹತ್ತು ಸಲ ಕೇಳುವ ಮಾತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗಿದರೆ ಬಿಪಿ ಏರುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಸೋಲುತ್ತದೆ. ಕೆಲವು ಜಾತಿಯ ಬಿಪಿ ಗುಳಿಗೆ, ಮೂತ್ರದ ಗುಳಿಗೆ ಜೊತೆಗಿದ್ದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು. ಬೆರಳಿನಿಂದ ಹಚ್ಚುವ ಮುಲಾಮು, ಡಾಕ್ಟರು ಹೇಳಿದ ಅಳತೆಯ ಪ್ಯಾರಾಸಿಟಮಾಲ್, ಇವು ಮೊದಲು. "ಆ ಊರಾಗ ಒಂದ ಸೂಜಿ ಮಾಡ್ತಾರ, ಮರುದಿನಾನ ಓಡಾಡ್ತಾರ" ಅನ್ನುವ ಜಾದೂ ಸೂಜಿಯಲ್ಲಿ ಸ್ಟಿರಾಯ್ಡ್ ಇರುವುದು ಹೆಚ್ಚು. ಶುಗರ್ ಇದ್ದವರಿಗೆ ಅದೇ ವಾರ ಅಂಕಿ ಹಾರುತ್ತದೆ.

ಗುಳಿಗೆಗಿಂತ ಕುರ್ಚಿಯ ಮೇಲಿನ ಕಸರತ್ತು ಒಳ್ಳೆಯದು. ಕುರ್ಚಿಯಲ್ಲಿ ಕೂತು ಒಂದು ಕಾಲು ನೆಟ್ಟಗೆ ಚಾಚಿ, ಹತ್ತು ಎಣಿಸಿ ಇಳಿಸುವುದು, ಒಂದೊಂದು ಕಾಲಿಗೆ ಹತ್ತು ಸಲ, ಮುಂಜಾನೆ ಸಂಜೆ. ತೊಡೆಯ ಸ್ನಾಯು ಗಟ್ಟಿಯಾದರೆ ಮೊಣಕಾಲಿನ ಭಾರ ಇಳಿಯುತ್ತದೆ. ನೆಲಕ್ಕೆ ಕೂತು ರೊಟ್ಟಿ ಬಡಿಯುವ ಅವ್ವನಿಗೆ ಕಟ್ಟೆಯ ಮೇಲೆ ಒಲೆ ಮಾಡಿಕೊಡಿ. ಕೂರುವ ಕಮೋಡು ಹಾಕಿಸಿ.

ಸುಸ್ತು ಅಂತಾರೆ. ಒಂದು ಸಲೈನ್ ಹಚ್ಚಿಸಿದರೆ ಶಕ್ತಿ ಬರುವುದಿಲ್ಲವಾ?

ಅರ್ಧ ಲೀಟರ್ ಸಾದಾ ಸಲೈನ್ ಬಾಟಲಿಯಲ್ಲಿ ಇರುವುದು ನೀರು ಮತ್ತು ನಾಲ್ಕೂವರೆ ಗ್ರಾಂ ಉಪ್ಪು. ಮೇಲೆ ಹೇಳಿದ ಇಡೀ ದಿನದ ಮಿತಿಯ ಹತ್ತಿರ ಹತ್ತಿರ! ಗ್ಲೂಕೋಸ್ ಬಾಟಲಿಯಾದರೆ 25 ಗ್ರಾಂ ಸಕ್ಕರೆ, ಎರಡೂವರೆ ಸಿಹಿ ಚಹಾದಷ್ಟು. ವಾಂತಿ-ಭೇದಿಯಾಗಿ ಕುಡಿಯಲಾಗದವರಿಗೆ ಸಲೈನ್ ಜೀವ ಉಳಿಸುತ್ತದೆ. ಹೃದಯ ಸೋತವರಿಗೆ ಸುಮ್ಮಸುಮ್ಮನೆ ಹಚ್ಚಿದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಸುಸ್ತಿಗೆ ಕಾರಣ ಹುಡುಕಿಸಿ: ರಕ್ತ ಕಡಿಮೆ ಇರಬಹುದು, ಥೈರಾಯ್ಡ್ ಇರಬಹುದು. ಮಾಂಸ-ಮೊಟ್ಟೆ ಮುಟ್ಟದ ಮನೆಗಳಲ್ಲಿ, ಅದರಲ್ಲೂ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳುವವರಲ್ಲಿ, ಬಿ12 ಕೊರತೆ ಸಾಮಾನ್ಯ. ಪಾದ ಜೋಮು ಹಿಡಿಯುವುದು, ಮರೆವು ಸಹ ಅದರಿಂದ ಬರಬಹುದು.

ಬೇಸಿಗೆಯಲ್ಲಿ ವಯಸ್ಸಾದವರಿಗೆ ನೀರಡಿಕೆಯೇ ಸರಿಯಾಗಿ ಆಗುವುದಿಲ್ಲ. ಕೇಳಿದಾಗ ಕೊಡೋಣ ಎಂದು ಕಾಯಬೇಡಿ, ತಾಸಿಗೊಮ್ಮೆ ಲೋಟ ಕೈಗಿಡಿ. ಉಪ್ಪು ಕಡಿಮೆ ಹಾಕಿದ ಮಜ್ಜಿಗೆ ಬಹಳ ಒಳ್ಳೆಯದು. ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಮಾತ್ರ ನೀರಿನ ಅಳತೆಯನ್ನು ಡಾಕ್ಟರೇ ಹೇಳಬೇಕು.

ಅಪ್ಪ ರಾತ್ರಿ ನಾಲ್ಕೈದು ಸಲ ಏಳುತ್ತಾರೆ. ಬಿದ್ದಾರು ಎಂಬ ಹೆದರಿಕೆ.

ಹೆದರಿಕೆ ಸರಿಯಾದದ್ದೇ. ಸೊಂಟದ ಎಲುಬು ಮುರಿದರೆ ಮತ್ತೆ ಮೊದಲಿನಂತೆ ನಡೆಯುವುದು ಬಹಳ ಮಂದಿಗೆ ಆಗುವುದಿಲ್ಲ. ಶಹಾಬಾದ್ ಫರಸಿಯ ಬಚ್ಚಲು ಒದ್ದೆಯಾದರೆ ಬೆಣ್ಣೆಯ ಹಾಗೆ. ಹಿಡಿಕೆ ಕೂರಿಸಿ, ರಬ್ಬರಿನ ಮ್ಯಾಟ್ ಹಾಕಿ, ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ದೀಪ ಉರಿಯುತ್ತಿರಲಿ. ಎತ್ತರದ ಹೊಸ್ತಿಲಿಗೆ ಬಿಳಿ ಬಣ್ಣ ಬಳಿಯಿರಿ. ಮೂತ್ರದ ಗುಳಿಗೆ ಸಂಜೆ ತಗೊಳ್ಳುತ್ತಿದ್ದರೆ ಮುಂಜಾನೆಗೆ ಬದಲಿಸಬಹುದೇ ಎಂದು ಡಾಕ್ಟರನ್ನು ಕೇಳಿ. ಪ್ರಾಸ್ಟೇಟ್ ಗುಳಿಗೆ ನುಂಗುವವರು ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತೇ ಏಳಬೇಕು, ಅವುಗಳಲ್ಲಿ ಕೆಲವು ನಿಂತಾಗ ಬಿಪಿ ಇಳಿಸುತ್ತವೆ.

ಮರೆವು ವಯಸ್ಸಿನದೋ, ರೋಗದ್ದೋ?

ಕನ್ನಡಕ ಎಲ್ಲಿಟ್ಟೆ ಎನ್ನುವುದು ವಯಸ್ಸು. ಕನ್ನಡಕ ಕೈಯಲ್ಲಿ ಹಿಡಿದು ಇದು ಯಾತಕ್ಕೆ ಎನ್ನುವುದು ರೋಗ. ನವನಗರದ ಸೆಕ್ಟರಿನ ಮನೆಗಳು ಒಂದೇ ಅಚ್ಚಿನವು. ಒಬ್ಬ ಹಿರಿಯರು ಸಂಜೆಯಾದರೆ ಮನೆಗೆ ಹೋಗ್ತೀನಿ ಎಂದು ಚಪ್ಪಲಿ ಮೆಟ್ಟುತ್ತಿದ್ದರು. ಅವರ ಲೆಕ್ಕದಲ್ಲಿ ಮನೆ ಎಂದರೆ ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಿದ ಹಳೇ ಬಾಗಲಕೋಟೆಯ ಓಣಿ. ಅಂಥವರ ಜೊತೆ ವಾದ ಬೇಡ, "ಚಹಾ ಕುಡಿದು ಹೋಗೋಣ್ರೀ" ಎಂದು ಕೂರಿಸಿ. ಕಿಸೆಯಲ್ಲಿ ಫೋನ್ ನಂಬರಿನ ಚೀಟಿ ಇರಲಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ದಿಢೀರನೆ ಒಂದೆರಡು ದಿನದಲ್ಲಿ ಗೊಂದಲ ಶುರುವಾದರೆ ಅದು ಬೇರೆ ಸಂಗತಿ: ಮೂತ್ರದ ಸೋಂಕು, ಸೋಡಿಯಂ ಇಳಿತ, ಹೊಸ ಗುಳಿಗೆ ಕಾರಣವಿರಬಹುದು. ಆವತ್ತೇ ದವಾಖಾನೆಗೆ ಒಯ್ಯಿರಿ.

ಲಕ್ವಾ ಹೊಡೆದರೆ ನಾಟಿ ಔಷಧಿಗೆ ಮೊದಲು ಒಯ್ಯಬೇಕಾ?

ಮೊದಲು ಬೇಡವೇ ಬೇಡ. ಬಾಯಿ ಸೊಟ್ಟಗಾಯಿತು, ಕೈ ಬಿತ್ತು, ಮಾತು ತೊದಲಿತು ಎಂದರೆ ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಿ. ರಕ್ತ ಗಡ್ಡೆ ಕರಗಿಸುವ ಔಷಧಿಯನ್ನು ನಾಲ್ಕೂವರೆ ತಾಸಿನೊಳಗೆ ಕೊಡಬೇಕು, ಅದಕ್ಕೂ ಸಾಕಷ್ಟು ಮೊದಲೇ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಯಲ್ಲಿರಬೇಕು. ನೀರು, ಗುಳಿಗೆ ಏನನ್ನೂ ಬಾಯಿಗೆ ಹಾಕಬೇಡಿ. ಎದೆ ಭಾರ, ಬೆವರು, ಏದುಸಿರು ಬಂದಾಗ "ಗ್ಯಾಸ್ ಆಗೇತಿ" ಎಂದು ಸೋಡಾ ಕುಡಿಸಿ ಕೂರುವುದೂ ಅಂಥದೇ ತಪ್ಪು. ಶುಗರ್ ಇದ್ದವರಿಗೆ ಎದೆ ನೋವೇ ಇಲ್ಲದೆ ಹೃದಯಾಘಾತವಾಗಬಹುದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು ಗಡ್ಡೆ ಕರಗಿಸುವ ದುಬಾರಿ ಸೂಜಿಯನ್ನು ಉಚಿತವಾಗಿ ಕೊಡುತ್ತಾರೆ.

ಮೋತಿಬಿಂದು ಹಣ್ಣಾಗುವವರೆಗೆ ಕಾಯಬೇಕಾ?

ಅದು ಹಳೇ ಕಾಲದ ಮಾತು. ದೃಷ್ಟಿಗೆ ತೊಂದರೆ ಆದಾಗಲೇ ಆಪರೇಷನ್ ಮಾಡಿಸಿ, ಬೇಸಿಗೆಯಾದರೂ ನಡೆಯುತ್ತದೆ.

ಅವ್ವ ಹಲ್ಲಿಗೆ ಮಿಸರಿ ತಿಕ್ಕುತ್ತಾರೆ. ಬಿಡಿಸುವುದು ಹೇಗೆ?

ಬೈದರೆ ಕದ್ದು ತಿಕ್ಕುತ್ತಾರೆ. ಮಿಸರಿ ಎಂದರೆ ಸುಟ್ಟ ತಂಬಾಕು. ಅದು ಹಲ್ಲು ಕಾಯುತ್ತದೆ ಎಂದೇ ಅವರ ನಂಬಿಕೆ. ದಂತವೈದ್ಯರ ಬಾಯಿಂದಲೇ ಹೇಳಿಸಿ, ಮಗಳು ಹೇಳಿದ್ದಕ್ಕಿಂತ ನಾಟುತ್ತದೆ. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು ಕಂಡರೆ ತಡಮಾಡಬೇಡಿ.

ತಿಂಗಳ ಗುಳಿಗೆ ಖರ್ಚೇ ಹೆಚ್ಚಾಯಿತು.

ನನ್ನ ವ್ಯಾಪಾರಕ್ಕೆ ಕುತ್ತಾದರೂ ಹೇಳುತ್ತೇನೆ. ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರಿನಂಥ ಅಂಟದ ರೋಗಗಳ) ಕ್ಲಿನಿಕ್‌ನಲ್ಲಿ ಬಿಪಿ-ಶುಗರ್ ಗುಳಿಗೆ ಉಚಿತ. ಜನೌಷಧಿ ಕೇಂದ್ರದಲ್ಲಿ ಅದೇ ಔಷಧಿ ಬಹಳ ಕಡಿಮೆಗೆ ಸಿಗುತ್ತದೆ. ಬಣ್ಣ, ಆಕಾರ ಬದಲಾಗುವುದರಿಂದ ಹಳೇ ಸ್ಟ್ರಿಪ್ ಮನೆಯಲ್ಲಿ ಉಳಿಸಬೇಡಿ, ಎರಡನ್ನೂ ನುಂಗಿಬಿಡುತ್ತಾರೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಖರ್ಚು ಸಿಗುತ್ತದೆ. ತುರ್ತು ಇಲ್ಲದಿದ್ದರೆ ಮೊದಲು ಸರಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ಬರೆಸಿಕೊಂಡೇ ಮುಂದಕ್ಕೆ ಹೋಗಬೇಕು. ಅವ್ವನಿಗೆ ಸರಕಾರಿ ಸಾದಾ ಬಸ್ಸು ಶಕ್ತಿ ಯೋಜನೆಯಲ್ಲಿ ಹೇಗೂ ಉಚಿತ. ಅಪ್ಪನಿಗೆ 60 ದಾಟಿದ್ದರೆ ಟಿಕೆಟ್‌ನಲ್ಲಿ ಶೇ 25 ರಿಯಾಯಿತಿ ಇದೆ, ಆಧಾರ್ ಕಾರ್ಡ್ ಜೊತೆಗಿರಲಿ.

ಎಲ್ಲಾ ಸರಿ. ಅಪ್ಪ ದವಾಖಾನೆಗೆ ಬರೋದೇ ಇಲ್ಲ ಅಂತಾರಲ್ಲ?

ಫೋನಿನಲ್ಲಿ ಜಗಳ ಆಡಬೇಡಿ, ಹಟ ಹೆಚ್ಚುತ್ತದೆ. "ಅವ್ವನ್ನ ತೋರಿಸಬೇಕು, ನೀವೂ ಬರ್ರಿ" ಎಂದು ಕರೆದೊಯ್ದು ಅಲ್ಲಿ ಇಬ್ಬರನ್ನೂ ನೋಡಿಸಿದ ಮಕ್ಕಳಿದ್ದಾರೆ. ಕೆಲವರಿಗೆ ಓಣಿಯ ಗೆಳೆಯ ಹೇಳಿದರೆ ನಾಟುತ್ತದೆ.

ನನ್ನಪ್ಪನದೂ ಇದೇ ರಾಗ: "ನನಗೇನ್ ಧಾಡಿ ಆಗೇತಿ, ಗಟ್ಟಿ ಅದೀನಿ." ದಿನಾ ಮುಂಜಾನೆ ಪೇಪರ್ ಓದಲು ಅಂಗಡಿಗೆ ಬರುತ್ತಿದ್ದರು. ನಾನು ಏನೂ ಹೇಳದೆ ಬಿಪಿ ಮಷೀನನ್ನು ಪೇಪರಿನ ಪಕ್ಕದಲ್ಲಿ ಇಡತೊಡಗಿದೆ. ನಾಲ್ಕನೇ ದಿನ ತಾವೇ ತೋಳು ಮಡಚಿದರು. "ನಿನ್ನ ಮಷೀನ್ ಖರೇ ಹೇಳ್ತೈತೇನ್ ನೋಡೂಣು." 178 ಬಂತು. ಅಂಕಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, ಪೇಪರ್ ಮಡಚಿ ಬದಿಗಿಟ್ಟು ಅಂದರು: "ಇನ್ನೊಮ್ಮಿ ಹಚ್ಚು."